ಬೆಳಗಲಿ ಹೊಲದಲ್ಲಿ ಕಣ್ಣು ತೆರೆದು ಕುಳಿತ ಕ್ಯಾಮೆರಾ

ನಾನು ನಿಂತದ್ದು ರನ್ನ ಬೆಳಗಲಿಯ ಹೊರಗೆ, ಕಬ್ಬು ಕಡಿದು ಮುಗಿದಿದ್ದ ಒಂದು ಹೊಲದ ಮೂಡಣ ಬದುವಿನ ಮೇಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲೆ ಬಂದ ಎರಡನೆಯ ಬೇಸಿಗೆ ಅದು. ಹೊತ್ತು ಬೆಳಗಿನ ಹತ್ತರ ಆಸುಪಾಸು. ಗಡಿಯಾರ ನೋಡಿಕೊಂಡ ನೆನಪಿಲ್ಲ. ಸೂರ್ಯ ನನ್ನ ಬೆನ್ನಿಗಿದ್ದ, ನನ್ನ ನೆರಳು ನನಗಿಂತ ಗಿಡ್ಡವಾಗಿ ಮುಂದೆ ಬಿದ್ದಿತ್ತು ಎಂಬಷ್ಟನ್ನು ಖಚಿತವಾಗಿ ಹೇಳಬಲ್ಲೆ. ಎಡಕ್ಕೆ ನಮ್ಮ ತಂಡದ ಮುಖ್ಯಸ್ಥೆ ಮಾಲತಿ ಮೇಡಂ ನಿಂತಿದ್ದರು. ಹಿಂದೆ ಜೀಪಿನ ಬಾಗಿಲು ಹಿಡಿದುಕೊಂಡು ಚಾಲಕ ಹುಸೇನಸಾಬ ನಿಂತಿದ್ದ.

ಎದುರಿಗೆ, ಮಾತಾಡಿದರೆ ಕೇಳುವಷ್ಟು ದೂರದಲ್ಲಿ, ಕಬ್ಬಿನ ಒಣಸೋಗೆಯ ರವದಿಯ ಮೇಲೆ ನಮ್ಮ ಕ್ಯಾಮೆರಾ ಕುಳಿತಿತ್ತು. ದೊಡ್ಡ ಟ್ರಂಕಿನ ಗಾತ್ರದ ಅಲ್ಯೂಮಿನಿಯಂ ಪೆಟ್ಟಿಗೆ, ಅದರಿಂದ ಹೊರಗೆ ಚಾಚಿದ ಒಂದು ಕಪ್ಪು ಕೊಳವೆ. ಪೆಟ್ಟಿಗೆಯ ಸುತ್ತ ನೆಲ ಒದ್ದೆಯಾಗಿತ್ತು. ಚೌಕಟ್ಟಿಗೆ ಕಣಗಿಲ ಹೂವಿನ ಸರ ಹಾಕಿದ್ದರು. ಮೇಲೆಲ್ಲ ಭಂಡಾರ, ದೇವರಿಗೆ ತೂರುವ ಅರಿಷಿಣದ ಪುಡಿ. ಕೊಳವೆಯ ಬಾಯಿಗೆ ಇದ್ದ ಮುಚ್ಚಳ ಮುಚ್ಚಿರಲಿಲ್ಲ. ನಾನು ಮೊದಲು ನೋಡಿದ್ದು ಹೂವನ್ನಲ್ಲ, ಆ ಮುಚ್ಚಳವನ್ನು.

ಜಮಖಂಡಿಯ ಕಾಲೇಜಿನಲ್ಲಿ ಓದಿ ಈಚೆಗೆ ಉಪಗ್ರಹಕ್ಕೆ ಕ್ಯಾಮೆರಾ ಕಟ್ಟುವ ಇದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಬನಹಟ್ಟಿಯ ನಮ್ಮ ಮನೆಗೆ ಬಂದು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದರು. ಅವರಿಗೆ ಹೇಳಲು ಹೊರಟು ಮಾತು ತಡವರಿಸಿದ್ದರಿಂದ ಬರೆಯುತ್ತಿದ್ದೇನೆ. ನೋಡಿದ್ದನ್ನು ನೋಡಿದೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬರೆದಿದ್ದೇನೆ.

ಭೂಮಿಯ ಎರಡು ಧ್ರುವಗಳ ಹತ್ತಿರ ಆಕಾಶದಲ್ಲಿ ಹಸಿರು, ಕೆಂಪು ಬೆಳಕು ಆಡುತ್ತದೆ. ಅದನ್ನು ಧ್ರುವಪ್ರಭೆ ಎನ್ನುತ್ತೇವೆ. ಸೂರ್ಯನಿಂದ ಹೊರಟ ಕಣಗಳು ಭೂಮಿಯ ಕಾಂತಬಲಕ್ಕೆ ಸಿಕ್ಕಿ, ಧ್ರುವಗಳ ಕಡೆ ಇಳಿದು, ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಬೆಳಕು ಅದು. ನೆಲದ ಮೇಲೆ ನಿಂತವರಿಗೆ ಅದು ಗಾಳಿಗೆ ಅಲುಗುವ ಪರದೆಯಂತೆ ಕಾಣುತ್ತದೆ, ಅದೂ ತಮ್ಮ ತಲೆಯ ಮೇಲಿನ ತುಂಡು ಮಾತ್ರ. ಬಹಳ ಮೇಲಿನಿಂದ, ಕಕ್ಷೆಯಿಂದ ನೋಡಿದರೆ ಅದು ಧ್ರುವದ ಸುತ್ತ ತೊಡಿಸಿದ ಬಳೆ. ಆ ಬಳೆ ಯಾವಾಗ ಹಿಗ್ಗುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದನ್ನು ಇಡಿಯಾಗಿ ನೋಡಲು ಉಪಗ್ರಹದಲ್ಲೇ ಕ್ಯಾಮೆರಾ ಇಡಬೇಕು.

ಕಷ್ಟ ಇರುವುದು ಹಗಲಿನ ಅರ್ಧದಲ್ಲಿ. ಬಳೆಯ ಒಂದು ಬದಿ ವರ್ಷದ ಬಹುಪಾಲು ಬಿಸಿಲಿನಲ್ಲಿರುತ್ತದೆ. ಕೆಳಗೆ ಮೋಡ, ಹಿಮ, ಸಮುದ್ರ ಎಲ್ಲವೂ ಹೊಳೆಯುತ್ತಿರುತ್ತವೆ. ಆ ಹೊಳಪಿನ ಮುಂದೆ ಧ್ರುವಪ್ರಭೆ ಮಧ್ಯಾಹ್ನದ ಬಿಸಿಲಿನಲ್ಲಿ ಹಚ್ಚಿಟ್ಟ ಊದಿನಕಡ್ಡಿಯ ಕೆಂಡದಷ್ಟೂ ಕಾಣುವುದಿಲ್ಲ. ಆದರೆ ನಮ್ಮ ಕಣ್ಣಿಗೆ ಕಾಣದ, ನೇರಳೆಯ ಆಚೆಗಿನ ಒಂದು ಬೆಳಕಿದೆ. ಅದರಲ್ಲಿ ನೋಡಿದರೆ ಭೂಮಿಯ ನೆಲ ಕಾಣುವುದೇ ಇಲ್ಲ. ಗಾಳಿ ಅದನ್ನು ಕೆಳಗಿಳಿಯಲು ಬಿಡದೆ ನುಂಗಿಬಿಡುತ್ತದೆ. ಧ್ರುವಪ್ರಭೆ ಮಾತ್ರ ಆ ಬೆಳಕಿನಲ್ಲೂ ಎದ್ದು ಕಾಣುತ್ತದೆ. ಹಾಗಾಗಿ ನಾವು ಕಟ್ಟುತ್ತಿದ್ದ ಕ್ಯಾಮೆರಾ, ನೀವು ನಾನು ನೋಡುವ ಬೆಳಕಿಗೆ ಪೂರ್ತಿ ಕುರುಡಾಗಿರಬೇಕಿತ್ತು. ಅದನ್ನು ಕುರುಡಾಗಿಸುವ ಕೆಲಸದಲ್ಲಿ ನನ್ನ ಹೆಚ್ಚಿನ ವರ್ಷಗಳು ಹೋದವು.

ಕೊಳವೆಯ ಒಳಗೆ ಒಂದರ ಹಿಂದೆ ಒಂದು ಕಪ್ಪು ಉಂಗುರಗಳಿರುತ್ತವೆ. ಓರೆಯಾಗಿ ಬಂದ ಬೆಳಕು ಅವುಗಳಿಗೆ ಬಡಿದು ಅಲ್ಲೇ ಸಾಯಬೇಕು. ಉಂಗುರಗಳ ಆಚೆ ಕನ್ನಡಿ, ಕನ್ನಡಿಯ ಆಚೆ ಬೆಳಕನ್ನು ಹಿಡಿಯುವ ಗಾಜಿನ ನಳಿಗೆ. ಆ ನಳಿಗೆಗೆ ಬಹಳ ಹೆಚ್ಚಿನ ವಿದ್ಯುತ್ ಒತ್ತಡ ಕೊಡುತ್ತೇವೆ. ಎಣಿಸುವಷ್ಟು ಕಡಿಮೆ ಬೆಳಕು ಬಿದ್ದರೂ ಅದು ಹಿಗ್ಗಿಸಿ ತೋರಿಸುತ್ತದೆ. ವಿದ್ಯುತ್ ಹರಿಯುತ್ತಿರುವಾಗ ನೇರ ಬಿಸಿಲು ಅದರ ಮೇಲೆ ಬಿದ್ದರೆ ಅದು ಸುಟ್ಟು ಹೋಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಉಂಗುರ ಸರಿಯಾಗಿದೆಯೇ ಎಂದು ಈಗ ಕಂಪ್ಯೂಟರ್ ಹೇಳುತ್ತದೆ. ನಾವು ಸೇರಿದ ಹೊಸದರಲ್ಲಿ ಕತ್ತಲೆ ಕೋಣೆಯಲ್ಲಿ ನಳಿಗೆ ಕೂರುವ ಜಾಗಕ್ಕೆ ನಮ್ಮ ಕಣ್ಣಿಟ್ಟು ಹೊರಗೆ ನೋಡುತ್ತಿದ್ದೆವು. ಹೊರಗಿನಿಂದ ದೀಪವನ್ನು ಬೇರೆ ಬೇರೆ ಓರೆಯಲ್ಲಿ ಹಿಡಿಯುತ್ತಿದ್ದರು. ಒಳಗೆ ಎಲ್ಲಾದರೂ ಒಂದು ಅಂಚು ಮಿನುಗಿದ್ದು ಕಣ್ಣಿಗೆ ಕಂಡರೆ, ಅದು ನಳಿಗೆಗೂ ಕಾಣುತ್ತದೆ. ಬಿಚ್ಚಿ ಮತ್ತೆ ಕಪ್ಪು ಮಾಡಬೇಕು. ಹೊಸಬರಿಗೆ ನಾನು ಹೇಳುವ ಒಂದೇ ಕಿವಿಮಾತು: ಕಂಪ್ಯೂಟರ್ ಸರಿ ಎಂದ ಮೇಲೂ ಒಮ್ಮೆ ಕಣ್ಣಿಟ್ಟು ನೋಡಿ. ನೋಡಿದ ಮೇಲೆ ರಾತ್ರಿ ನೆಮ್ಮದಿಯಿಂದ ನಿದ್ದೆ ಬರುತ್ತದೆ.

ಮಾಲತಿ ಮೇಡಂ ತುಮಕೂರಿನ ಕಡೆಯವರು. ಎತ್ತರದ ದನಿ ಇಲ್ಲ, ಆದರೆ ಅವರು ಕೋಣೆಯೊಳಗೆ ಬಂದರೆ ನಾವು ಉಸಿರನ್ನೂ ಅಳೆದು ಬಿಡುತ್ತಿದ್ದೆವು. ಎಣ್ಣೆ, ಧೂಳು, ಬೆರಳ ಗುರುತು ಇವು ಮೂರು ಅವರ ವೈರಿಗಳು. ತಲೆಗೆ ಎಣ್ಣೆ ಹಚ್ಚಿದವರಿಗೆ, ಮುಖಕ್ಕೆ ಪೌಡರ್ ಹಾಕಿದವರಿಗೆ ಜೋಡಣೆಯ ಕೋಣೆಗೆ ಪ್ರವೇಶವಿಲ್ಲ. ನಮ್ಮ ಬನಹಟ್ಟಿಯ ಮನೆಯಲ್ಲಿ ಮಗ್ಗದ ಕೋಣೆಯ ಹತ್ತಿಯ ಎಳೆ ಊಟದ ತಟ್ಟೆಯ ಮೇಲೂ ಬೀಳುತ್ತಿತ್ತು. ನಾನು ಊರಿಗೆ ಹೋಗಿ ಬಂದಾಗಲೆಲ್ಲ ಮೇಡಂ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ನೇರಳೆ ದೀಪ ಹಿಡಿದು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು. ಆ ದೀಪದಲ್ಲಿ ಎಳೆ, ಎಣ್ಣೆಯ ಕಲೆ ಎಲ್ಲ ಹೊಳೆಯುತ್ತವೆ.

ಒಮ್ಮೆ ತೇರದಾಳದ ಗುರುಪಾದ ಎಂಬ ನನ್ನ ಸಹೋದ್ಯೋಗಿ ಮದುವೆಯಾಗಿ ರಜೆ ಮುಗಿಸಿ ಬಂದ. ಕೈ ತೊಳೆದಿದ್ದ, ಸಾಬೂನು ಹಾಕಿ ತಿಕ್ಕಿದ್ದ. ಮೇಡಂ ದೀಪ ಹಿಡಿದರು. ಅವನ ಎರಡೂ ಅಂಗೈ ಹಳದಿ ಮಿಶ್ರಿತ ಹಸಿರಾಗಿ ಬೆಳಗಿದವು. ಉಗುರಿನ ಸಂದಿ, ಕೈಗೆರೆ, ಕುತ್ತಿಗೆ, ಕಿವಿಯ ಹಿಂದೆ, ಎಲ್ಲ ಕಡೆ ಮದುವೆಯ ಅರಿಷಿಣ.

"ಗುರುಪಾದ, ನೀವು ಇನ್ನೂ ಒಂದು ವಾರ ರಜೆ ತಗೊಳ್ಳಿ" ಎಂದರು ಮೇಡಂ.

"ಮೇಡಂ, ರಜಾ ಎಲ್ಲಾ ಮುಗದಾವ್ರಿ."

"ಹಾಗಾದ್ರೆ ಹೊರಗಿನ ಕೋಣೇಲಿ ಕೂತು ಲೆಕ್ಕ ಮಾಡಿ. ಅರಿಷಿಣ ಇರೋ ಕೈ ನನ್ನ ಕನ್ನಡಿ ಹತ್ತಿರ ಬರಬಾರದು. ಅದು ಆ ಬೆಳಕನ್ನೆಲ್ಲ ಕುಡಿದುಬಿಡುತ್ತೆ."

ಊಟದ ಹೊತ್ತಿನಲ್ಲಿ ನಾನು ಅವನನ್ನು ಕೆಣಕಿದೆ: "ಗುರುಪಾದಾ, ಮನ್ಯಾಗ ದೀಪಾ ಹಚ್ಚೂದು ಬ್ಯಾಡಲೇ ನಿಂಗ."

"ಸುಮ್ನ ತಿನ್ನಲೇ, ನಿನ್ನ ರೊಟ್ಟ್ಯಾಗ ಅರಳಿ ಐತಿ" ಎಂದ, ನಮ್ಮ ಮನೆಯ ಹತ್ತಿಯ ಮಾತೆತ್ತಿ.

ಪೋಖ್ರಾನ್ ಪರೀಕ್ಷೆಯ ಮಾರನೆಯ ವರ್ಷ ಅದು. ಹೊರದೇಶದಿಂದ ಬರಬೇಕಾದ ಭಾಗಗಳು ಬರುವುದು ನಿಂತಿತ್ತು. ಗಾಜಿನ ನಳಿಗೆ ನಮ್ಮ ಬಳಿ ಇದ್ದದ್ದು ಒಂದೇ. ಇನ್ನೊಂದು ಸಿಗುವ ದಾರಿ ಇರಲಿಲ್ಲ. ಅದು ಹೋದರೆ ಉಪಗ್ರಹದಲ್ಲಿ ನಮಗೆ ಕೊಟ್ಟ ಸಣ್ಣ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಸಂಸ್ಥೆಯ ನಿರ್ದೇಶಕರು ಸಭೆಯಲ್ಲೇ ಹೇಳಿದ್ದರು. ನಾನು ಆ ಸಭೆಯಲ್ಲಿದ್ದೆ. ಮೇಡಂ ಈ ಕ್ಯಾಮೆರಾ ಬಿಟ್ಟು ಬೇರೆ ಯಾವ ಕೆಲಸವನ್ನೂ ಬಹಳ ಕಾಲದಿಂದ ಹಿಡಿದಿರಲಿಲ್ಲ. ನಿವೃತ್ತಿ ದೂರವಿರಲಿಲ್ಲ. ಇನ್ನೊಂದನ್ನು ಮೊದಲಿನಿಂದ ಕಟ್ಟುವಷ್ಟು ವರ್ಷ ಅವರಿಗೆ ಉಳಿದಿರಲಿಲ್ಲ.

ಕುರುಡು ಸರಿಯಾಗಿದೆಯೇ ಎಂದು ನೋಡಲು ದೊಡ್ಡ ಬಲೂನಿನಲ್ಲಿ ಕಟ್ಟಿ ಅದನ್ನು ಮೇಲಕ್ಕೆ ಕಳಿಸಬೇಕೆಂದು ತೀರ್ಮಾನವಾಯಿತು. ಗಾಳಿಯ ಬಹುಪಾಲು ಕೆಳಗುಳಿಯುವ ಎತ್ತರದಿಂದ ಬಿಸಿಲು ಬಿದ್ದ ನೆಲ ಕಕ್ಷೆಯಿಂದ ಕಂಡಷ್ಟೇ ಪ್ರಖರವಾಗಿ ಕಾಣುತ್ತದೆ. ನಮ್ಮ ಸೀಮೆಯ ಮೇಲೆ ಧ್ರುವಪ್ರಭೆ ಇಲ್ಲ. ಆದ್ದರಿಂದ ಚಿತ್ರ ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಸೋತಂತೆ, ಏನೂ ಕಾಣದಿದ್ದರೆ ಗೆದ್ದಂತೆ. ಇಂಥ ಪರೀಕ್ಷೆಯನ್ನು ನಮ್ಮ ಅವ್ವನಿಗೆ ವಿವರಿಸಲು ಹೋಗಿ ನಾನು ಅರ್ಧಕ್ಕೆ ಬಿಟ್ಟಿದ್ದೆ.

ಹೈದರಾಬಾದಿನ ಕಡೆಯಿಂದ ಬಿಟ್ಟ ಬಲೂನು ಬೇಸಿಗೆಯಲ್ಲಿ ಪಡುವಣಕ್ಕೆ ತೇಲುತ್ತದೆ. ಬೀಳುವ ಜಾಗ ಬೀಳಗಿಯ ಹಿನ್ನೀರಿನ ಸುತ್ತ ಇರಬಹುದು ಎಂದು ಲೆಕ್ಕ ಹೇಳಿತು. ಆ ಸೀಮೆಯ ಮಾತು ಬಲ್ಲವರೆಂದು ಗುರುಪಾದನನ್ನೂ ನನ್ನನ್ನೂ ಪೆಟ್ಟಿಗೆ ತರಲು ಕಳಿಸಿದರು. ಗುರುಪಾದ ಒಂದು ಜೀಪಿನಲ್ಲಿ ಬೀಳಗಿಗೆ ಹೋದ. ಕೊಳವೆಗೆ ಹಾಕುವ ಬಟ್ಟೆಯ ಟೊಪ್ಪಿಗೆ, ಸ್ವಚ್ಛ ಚೀಲಗಳು, ಕೈಗವಸು ಎಲ್ಲ ಅವನ ಜೀಪಿನಲ್ಲಿದ್ದವು, ಏಕೆಂದರೆ ಬೀಳುವುದು ಅಲ್ಲೇ ಎಂದು ಎಲ್ಲರೂ ನಂಬಿದ್ದೆವು. ನಮ್ಮ ಜೀಪು ಮುಧೋಳದಲ್ಲಿ ನಿಂತಿತ್ತು. ಮೇಡಂ ಹೊರಡುವ ಕೊನೆಯ ಗಳಿಗೆಯಲ್ಲಿ ತಾವೂ ಬರುವುದಾಗಿ ಹೇಳಿ ನಮ್ಮ ಜೀಪು ಹತ್ತಿದ್ದರು.

ಬೆಳಿಗ್ಗೆ ವೈರ್‌ಲೆಸ್ಸಿನಲ್ಲಿ ಒಳ್ಳೆಯ ಸುದ್ದಿ ಬಂತು. ಚಿತ್ರಗಳು ಕಪ್ಪಾಗಿ ಬರುತ್ತಿವೆ. ಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡ ಸಂದರ್ಭಗಳು ಕಡಿಮೆ. ಪರೀಕ್ಷೆ ಮುಗಿದು ಬಲೂನಿನಿಂದ ಪೆಟ್ಟಿಗೆಯನ್ನು ಕತ್ತರಿಸಿ ಪ್ಯಾರಾಶೂಟಿನಲ್ಲಿ ಇಳಿಬಿಟ್ಟರು. ಬೀಳುವ ಮೊದಲು ಎರಡು ಆದೇಶ ಹೋಗಬೇಕು: ಮುಚ್ಚಳ ಮುಚ್ಚು, ನಳಿಗೆಯ ವಿದ್ಯುತ್ ನಿಲ್ಲಿಸು. ಆದೇಶ ಹೋಯಿತು. ಆಗಿದೆ ಎಂಬ ಉತ್ತರ ಬರುವ ಮೊದಲೇ ಪೆಟ್ಟಿಗೆ ಕೆಳಗಿಳಿದು ಹೈದರಾಬಾದಿನವರ ರೇಡಿಯೊಗೆ ಮರೆಯಾಯಿತು. ಕೊನೆಯ ಅಳತೆಯ ಪ್ರಕಾರ ವಿದ್ಯುತ್ ಇನ್ನೂ ಹರಿಯುತ್ತಿತ್ತು. ಬ್ಯಾಟರಿ ಸಂಜೆಯವರೆಗೆ ಬಾಳುವಂಥದ್ದು.

ಅಷ್ಟರಲ್ಲಿ ಹುಸೇನಸಾಬ ಕೈಚಾಚಿ ತೋರಿಸಿದ. "ಸಾಹೇಬ್ರ, ಛತ್ರಿ ಅಲ್ಲಿ ಇಳಿಯಾಕತ್ತೈತಿ ನೋಡ್ರಿ. ಬೀಳಗಿ ಎಲ್ಲಿ, ಬೆಳಗಲಿ ಎಲ್ಲಿ!"

ಬಿಳಿಯ ಪ್ಯಾರಾಶೂಟು ರನ್ನ ಬೆಳಗಲಿಯ ಮೇಲೆ ಇಳಿಯುತ್ತಿತ್ತು.

ನಾವು ಬದುವಿಗೆ ಬಂದು ನಿಂತಾಗ ಹೊಲದಲ್ಲಿ ಮೂವರಿದ್ದರು. ಉಳಿದವರು ದೂರದ ಬೇವಿನ ಮರದ ಬಳಿ ನಿಂತು ನೋಡುತ್ತಿದ್ದರು. ಹೊಲದ ಒಡತಿ ಯಲ್ಲವ್ವ, ನಡುಹರೆಯ ದಾಟಿದವಳು. ಅವಳ ಮಗ ಸಿದ್ದಪ್ಪ, ಪ್ಯಾರಾಶೂಟನ್ನು ಎಷ್ಟು ಅಚ್ಚುಕಟ್ಟಾಗಿ ಮಡಚುತ್ತಿದ್ದನೆಂದರೆ ನಮ್ಮವರೂ ಹಾಗೆ ಮಡಚಿದ್ದಿಲ್ಲ. ಇನ್ನೊಬ್ಬ ಹನಮಪ್ಪಜ್ಜ. ಗೊಬ್ಬರಕ್ಕಾಗಿ ಆ ಹೊಲದಲ್ಲಿ ಕುರಿ ತರುಬಿದ್ದ ಕುರುಬ. ಹೆಗಲ ಮೇಲೆ ಕರಿಕಂಬಳಿ.

ಅವರು ಮಾಡಿದ್ದು ಆ ಸೀಮೆಯವರು ಯಾರೇ ಆದರೂ ಮಾಡುವುದನ್ನೇ. ಹೊಸ ಎತ್ತು ಮನೆಗೆ ಬಂದರೆ ಕಾಲಿಗೆ ನೀರು ಹಾಕಿ, ಭಂಡಾರ ತೂರಿ, ಹೂವು ಏರಿಸಿಯೇ ಒಳಗೆ ಕರೆದುಕೊಳ್ಳುತ್ತಾರೆ. ಹೊಸ ಟ್ರ್ಯಾಕ್ಟರಿಗೂ ಹಾಗೆಯೇ. ಆಕಾಶದಿಂದ ಒಂದು ಪೆಟ್ಟಿಗೆ ಮೆಲ್ಲಗೆ ಇಳಿದು ಹೊಲದಲ್ಲಿ ಕುಳಿತರೆ ಅದನ್ನು ಸುಮ್ಮನೆ ನೋಡುತ್ತ ನಿಲ್ಲುವುದು ಹೇಗೆ? ಕುರಿಗಳ ಸಲುವಾಗಿ ಹನಮಪ್ಪಜ್ಜನ ಚೀಲದಲ್ಲಿ ಭಂಡಾರ ಯಾವಾಗಲೂ ಇರುತ್ತಿತ್ತು.

ಮೇಡಂ ಮುಂದೆ ಹೆಜ್ಜೆ ಇಟ್ಟರು. ಯಲ್ಲವ್ವ ಕೈ ಅಡ್ಡ ಹಿಡಿದಳು.

"ಬೂಟ ಬಿಡ್ರಿ ಅಕ್ಕಾರ. ಪೂಜಿ ಆಗೈತಿ."

ಜೋಡಣೆಯ ಕೋಣೆಯ ಬಾಗಿಲಲ್ಲಿ ನಮ್ಮೆಲ್ಲರ ಚಪ್ಪಲಿ ಬಿಡಿಸುತ್ತಿದ್ದ ಮೇಡಂ, ತಾವೇ ಬಗ್ಗಿ ಬೂಟು ಕಳಚಿದರು. ನಾನೂ ಕಳಚಿದೆ. ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು.

ಹತ್ತಿರ ಹೋಗಿ ಕೊಳವೆಯೊಳಗೆ ನೋಡಿದೆ. ಪೆಟ್ಟಿಗೆ ವಾಲಿ ಕುಳಿತಿತ್ತು, ಬಾಯಿ ಮೂಡಣಕ್ಕೆ, ಮೇಲ್ಮುಖವಾಗಿ. ಒಳಗಿನ ಮೊದಲನೆಯ ಉಂಗುರ ಬಿಸಿಲಿನಲ್ಲಿತ್ತು. ಎರಡನೆಯದೂ ಇತ್ತು. ಮೂರನೆಯದರ ಅಂಚಿಗೆ ಬಿಸಿಲು ತಾಗಿತ್ತು. ಸೂರ್ಯ ಏರಿದಂತೆ ಅದು ಒಳಗಿಳಿಯುತ್ತಿತ್ತು. ಉಂಗುರದಿಂದ ಉಂಗುರಕ್ಕೆ ಇಳಿಯುವುದು ಕಣ್ಣಿಗೆ ಕಾಣುವಂತಿತ್ತು. ಕೊನೆಯ ಉಂಗುರದ ಆಚೆ ಕನ್ನಡಿ. ಪೆಟ್ಟಿಗೆಗೆ ಕಿವಿ ಹಚ್ಚಿದೆ. ಒಳಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ವಿದ್ಯುತ್ ನಿಂತಿರಲಿಲ್ಲ.

ನಿಲ್ಲಿಸುವ ಕೆಂಪು ಪ್ಲಗ್ ಪೆಟ್ಟಿಗೆಯ ಅಡಿಯಲ್ಲಿತ್ತು, ನೆಲಕ್ಕೆ ಒತ್ತಿಕೊಂಡು. ಅದನ್ನು ಎಳೆಯಲು ಪೆಟ್ಟಿಗೆ ಹೊರಳಿಸಬೇಕು. ಹೊರಳಿಸಿದರೆ ಬಾಯಿ ನೇರ ಸೂರ್ಯನನ್ನು ಹಾದು ಹೋಗುತ್ತದೆ. ಮೊದಲು ಬಾಯಿ ಮುಚ್ಚಬೇಕು. ಟೊಪ್ಪಿಗೆ ಬೀಳಗಿಯ ಜೀಪಿನಲ್ಲಿತ್ತು.

"ನನ್ನ ಅಂಗಿ ಬಿಚ್ಚಲಾ ಮೇಡಂ?" ಎಂದೆ.

"ಬಿಳಿ ಅಂಗಿ, ತೆಳು. ಬಿಸಿಲು ತೂರಿ ಬರುತ್ತೆ." ಅವರು ಸುತ್ತ ನೋಡಿದರು. ಕಣ್ಣು ಹನಮಪ್ಪಜ್ಜನ ಹೆಗಲ ಮೇಲೆ ನಿಂತಿತು. "ಅಜ್ಜ, ಆ ಕಂಬಳಿ ಕೊಡ್ತೀರಾ?"

ಅಜ್ಜ ಕಂಬಳಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡ. "ಇದಾ? ಇದರಾಗ ನಿನ್ನಿ ಕುರಿ ಮರಿ ಹಾಕೇತ್ರಿ ಯವ್ವಾ. ಭಾಳ ಹೊಲಸೈತಿ. ದೇವರಿಗಿ ಹೊಚ್ಚಾಕ ಬರಂಗಿಲ್ಲ."

"ಅಜ್ಜಾ, ಅದು ದೇವರಲ್ಲೊ, ಯಂತ್ರ" ಎಂದು ನಾನು ಅಂದೆ. ದನಿ ಏರಿತ್ತು.

"ಯಂತರ ಆದ್ರ ಬಿಸಲಾಗಿರ್ಲಿ ಬಿಡು. ನಮ್ಮ ಪಂಪಸೆಟ್ಟು ಬಿಸಲಾಗ ಇರತೈತಿ" ಎಂದ ಸಿದ್ದಪ್ಪ.

ಬಿಸಿಲು ಐದನೆಯ ಉಂಗುರದಲ್ಲಿತ್ತು. ಮೇಡಂ ಅಜ್ಜನ ಮುಂದೆ ಹೋಗಿ ಎರಡೂ ಕೈ ಚಾಚಿದರು. "ಅಜ್ಜ... ಅದರ ಕಣ್ಣು ಹೋಗುತ್ತೆ. ಸೂರ್ಯ ಒಳಗೆ ಹೋದ್ರೆ ಕಣ್ಣು ಹೋಗುತ್ತೆ. ಇನ್ನೊಂದು ಕಣ್ಣಿಲ್ಲ ಅದಕ್ಕೆ."

ಯಲ್ಲವ್ವ ತಿರುಗಿ ಅಜ್ಜನ ಮೇಲೆ ಹರಿಹಾಯ್ದಳು. "ಕೊಡ ಅಂದ್ರ ಕೊಡಬಾರದೇನ ಮುದುಕಾ! ಕಣ್ಣ ಹೊಕ್ಕೈತಿ ಅಂತಾರ, ಹೊಲಸ ನೋಡ್ಕೊಂತ ನಿಂತಾನ!" ಎಂದವಳೇ ಕಂಬಳಿಯನ್ನು ಅವನ ಹೆಗಲಿನಿಂದ ಕಿತ್ತು ಮೇಡಂ ಕೈಗೆ ಕೊಟ್ಟಳು.

ಜೀವನವಿಡೀ ಒಂದು ಎಳೆ, ಒಂದು ಕೂದಲು ಆ ಕೊಳವೆಯ ಹತ್ತಿರ ಸುಳಿಯದಂತೆ ಕಾದವರು, ಕುರಿಯ ಉಣ್ಣೆ, ಹಿಕ್ಕೆ, ಹಾಲಿನ ಕಲೆ ಎಲ್ಲ ಇದ್ದ ಆ ಕಂಬಳಿಯನ್ನು ಎರಡು ಮಡಿಕೆ ಮಾಡಿ ಕೊಳವೆಯ ಬಾಯಿಗೆ ತಾವೇ ಹೊದಿಸಿದರು. ಅವರ ಕೈ ನಡುಗುತ್ತಿತ್ತು. ಹೊದಿಸುವ ಮೊದಲು ನಾನು ಕೊನೆಯ ಬಾರಿ ಒಳಗೆ ನೋಡಿದೆ. ಕನ್ನಡಿಯ ಒಂದು ಅಂಚಿನಲ್ಲಿ ಬಿಸಿಲಿನ ತೆಳುವಾದ ಗೆರೆ ಹೊಳೆಯಿತು. ಬಿದಿಗೆಯ ಚಂದ್ರನ ಹಾಗೆ. ಆಮೇಲೆ ಕಪ್ಪು.

ಸಿದ್ದಪ್ಪ, ಹುಸೇನಸಾಬ, ನಾನು ಸೇರಿ ಪೆಟ್ಟಿಗೆ ಹೊರಳಿಸಿದೆವು. ಮೇಡಂ ಕಂಬಳಿ ಜಾರದಂತೆ ಅಪ್ಪಿ ಹಿಡಿದಿದ್ದರು. ಪ್ಲಗ್ ಎಳೆದೆ. ಗುಂಯ್ ನಿಂತಿತು. ಮೇಡಂ ಇದ್ದಲ್ಲೇ ರವದಿಯ ಮೇಲೆ ಕುಳಿತರು. ಯಲ್ಲವ್ವ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಚರಿಗೆಯಿಂದ ನೀರು ಕೊಟ್ಟಳು.

"ಎಷ್ಟನೇದ್ರಿ ಇದು ನಿಮಗ?" ಎಂದು ಕೇಳಿದಳು. ಹೆತ್ತ ಮಗುವಿನ ಬಗ್ಗೆ ಕೇಳುವ ಹಾಗೆ.

"ಒಂದೇ" ಎಂದರು ಮೇಡಂ.

ಬನಹಟ್ಟಿಯಲ್ಲಿ ನಮ್ಮ ಮನೆಯ ಮುಂದೆ, ಸ್ವಚ್ಛ ಚೀಲಗಳಿದ್ದ ಗುರುಪಾದನ ಜೀಪಿಗಾಗಿ ಕಾದೆವು. ಮಗ್ಗಗಳು ಓಡುತ್ತಿದ್ದವು, ಗಾಳಿಯಲ್ಲಿ ಹತ್ತಿ ತೇಲುತ್ತಿತ್ತು. ಮೇಡಂ ಜೀಪು ಬಿಟ್ಟು ಇಳಿಯಲಿಲ್ಲ, ಪೆಟ್ಟಿಗೆಯನ್ನು ಒಳಗೆ ಇಳಿಸಲೂ ಬಿಡಲಿಲ್ಲ. ಅವ್ವನಿಗೆ ಸಿಟ್ಟು ಬಂತು. "ಬಾಗಿಲಿಗಿ ಬಂದ ಹೆಣ್ಮಗಳು ಒಳಗ ಬರಂಗಿಲ್ಲಂದ್ರ? ನಮ್ಮನ್ಯಾಗೇನ ರೋಗ ಐತೇನ?" ಕೊನೆಗೆ ಜೀಪಿಗೇ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಮೇಡಂ ಒಂದು ಕೈ ಕಂಬಳಿಯ ಮೇಲಿಟ್ಟು ಇನ್ನೊಂದರಲ್ಲಿ ಉಂಡರು. ನಮ್ಮಣ್ಣ ಪ್ಯಾರಾಶೂಟಿನ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ, "ನೇಯ್ಗಿ ಛಲೋ ಐತಿ, ಆದ್ರ ಉಟ್ರ ಬೆವರತೈತಿ" ಎಂದು ತೀರ್ಪು ಕೊಟ್ಟು ಒಳಗೆ ಹೋದ.

ಪ್ರಯೋಗಾಲಯದಲ್ಲಿ ಪೆಟ್ಟಿಗೆ ತೆರೆದ ದಿನ ನಿರ್ದೇಶಕರೂ ಬಂದಿದ್ದರು. ಕೋಣೆ ಕತ್ತಲೆ ಮಾಡಿ ಮೇಡಂ ನೇರಳೆ ದೀಪ ಹಿಡಿದರು. ಕೊಳವೆಯ ಒಳಗಿಡೀ ಹಳದಿ ಹಸಿರು ಚುಕ್ಕೆಗಳು. ಉಂಗುರಗಳ ಮೇಲೆ, ಕನ್ನಡಿಯ ಮೇಲೆ. ಉಣ್ಣೆಯ ಎಳೆಗಳು ನೀಲಿ ಬಿಳಿಯಾಗಿ ಹೊಳೆದವು.

"ಇದನ್ನ ಹಾರಿಸ್ತೀರಾ?" ಎಂದರು ನಿರ್ದೇಶಕರು. ಕೋಪವಿರಲಿಲ್ಲ ದನಿಯಲ್ಲಿ. ಅದು ಇನ್ನೂ ಕಷ್ಟವಾಗಿತ್ತು.

ಮೇಡಂ ದೀಪವನ್ನು ಆ ಚುಕ್ಕೆಗಳ ಇನ್ನಷ್ಟು ಹತ್ತಿರ ಹಿಡಿದರು. "ಸರ್, ಕಾಣಿಸ್ತಿದೆಯಲ್ಲ" ಎಂದರು. "ಎಲ್ಲಿದೆ ಅಂತ ಕಾಣಿಸ್ತಿದೆ. ಎಣ್ಣೆ ಆಗಿದ್ರೆ ಇಷ್ಟು ಸ್ಪಷ್ಟವಾಗಿ ಕಾಣ್ತಿರಲಿಲ್ಲ. ದೀಪ ಹಿಡಿದಾಗ ಏನೂ ಹೊಳೀದೆ ಇರೋವರೆಗೂ ತೆಗೀತೀವಿ. ಆಮೇಲೆ ನೀವೇ ಬಂದು ನೋಡಿ."

ಕೆಲಸ ತಿಂಗಳುಗಟ್ಟಲೆ ನಡೆಯಿತು. ಕನ್ನಡಿಯ ಲೇಪವನ್ನು ಉಜ್ಜುವಂತಿಲ್ಲ, ನೀರು ತಾಗಿಸುವಂತಿಲ್ಲ. ಶುದ್ಧ ಗಾಳಿ ಊದಿ ಪುಡಿಯನ್ನು ಎಬ್ಬಿಸಬೇಕು, ಉಳಿದದ್ದಕ್ಕೆ ಆಲ್ಕೊಹಾಲಿನ ಒಂದೊಂದೇ ಹನಿ ಹರಿಸಬೇಕು, ದೀಪ ಹಿಡಿಯಬೇಕು, ಮತ್ತೆ ಹನಿ. ಇದನ್ನು ಗುರುಪಾದನಿಗೇ ವಹಿಸಿದರು. ಅವನ ಕೈ ನಮ್ಮೆಲ್ಲರಿಗಿಂತ ಸ್ಥಿರ. "ಅರಿಷಿಣ ಅಂದ್ರ ನಾನ ನೆನಪಾಕ್ಕೀನೇನ್ರಿ ಮೇಡಂ?" ಎಂದು ಅವನು ಕೇಳಿದ್ದಕ್ಕೆ, "ಅನುಭವ ಇರೋರು ಬೇಕಲ್ಲಪ್ಪ" ಎಂದರು. ನಿರ್ದೇಶಕರು ಮತ್ತೆ ಬಂದ ದಿನ ದೀಪ ಹಿಡಿದಾಗ ಕೊಳವೆಯೊಳಗೆ ಕತ್ತಲೆ ಬಿಟ್ಟು ಏನೂ ಇರಲಿಲ್ಲ. ಅವರು ಬಹಳ ಹೊತ್ತು ಇಣುಕಿ ನೋಡಿ, ತಲೆಯಾಡಿಸಿ ಹೋದರು.

ನಳಿಗೆಯ ವಿಷಯ ಬೇರೆ. ಅದು ಬದುಕಿತ್ತು. ಆದರೆ ಅಂಚಿನಲ್ಲಿ ಒಂದು ಕಡೆ ಸುಟ್ಟಿತ್ತು. ನಾನು ಹೊಲದಲ್ಲಿ ಕಂಡ ಬಿಸಿಲಿನ ಗೆರೆಯ ಆಕಾರದಲ್ಲಿ ಅಲ್ಲಿ ಸಣ್ಣ ಕಪ್ಪು ಬಿದಿಗೆ. ಅದನ್ನು ತೆಗೆಯುವ ಯಾವ ಹನಿಯೂ ಇರಲಿಲ್ಲ. ಹಾಗೆಯೇ ಹಾರಿತು.

ಹಾರಿದ್ದು ಕೆಲವು ವರ್ಷಗಳ ನಂತರ. ಮೊದಲ ಚಿತ್ರ ಬಂದಾಗ ಮೇಡಂ, ಗುರುಪಾದ, ನಾನು ಒಂದೇ ಪರದೆಯ ಮುಂದೆ ಇದ್ದೆವು. ಮಧ್ಯಾಹ್ನದ ಊಟ ಬಿಟ್ಟು ಕುಳಿತಿದ್ದೆವು. ಚಿತ್ರ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯಿತು. ಕಪ್ಪು, ಮತ್ತೆ ಕಪ್ಪು. ಕುರುಡು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕಿಂತ ಹೆಚ್ಚೇನೂ ಅದರಿಂದ ತಿಳಿಯುತ್ತಿರಲಿಲ್ಲ. ನಂತರ ಒಂದು ಕಮಾನು ಕಾಣಿಸಿತು. ಕಮಾನು ಎರಡೂ ಕಡೆ ಇಳಿಯಿತು, ಬಾಗಿತು, ಕೆಳಗೆ ಬಂದು ಕೂಡಿತು. ಬಳೆ. ಬಿಸಿಲಿನ ಬದಿಯಲ್ಲೂ ತುಂಡಾಗದೆ ಕೂಡಿದ ಬಳೆ. ಬಲಗಡೆಯ ಕೆಳ ಅಂಚಿನಲ್ಲಿ ಮಾತ್ರ ಸಣ್ಣ ಕಪ್ಪು ಬಿದಿಗೆ. ಆ ಕ್ಯಾಮೆರಾ ಕಳಿಸಿದ ಪ್ರತಿ ಚಿತ್ರದಲ್ಲೂ ಅದು ಇದೆ. ಅದನ್ನು ಲೆಕ್ಕದಿಂದ ಬಿಡಿ ಎಂದು ನಮ್ಮ ಚಿತ್ರ ಬಳಸುವವರಿಗೆಲ್ಲ ತಿಳಿಸಿದೆವು. ಏಕೆ ಬಂತು ಎಂದು ಬರೆಯಲಿಲ್ಲ.

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕುಳಿತರು.

ಈಗ ಆ ಹೊಲದಲ್ಲಿ ಇದ್ದವರ ಬಗ್ಗೆ. ಹುಸೇನಸಾಬ ಜಮಖಂಡಿಯಲ್ಲಿ ತೀರಿಕೊಂಡ. ಹನಮಪ್ಪಜ್ಜನೂ ಇಲ್ಲ. ಅವನ ಕಂಬಳಿಗೆ ಬದಲಾಗಿ ನಾವು ಹೊಸದನ್ನು ಕೊಂಡು ಕಳಿಸಿದಾಗ ಅವನು ಅದನ್ನು ಮೂಸಿ ನೋಡಿ, ಇದಕ್ಕೆ ಕುರಿಯ ವಾಸನೆಯೇ ಇಲ್ಲ ಎಂದನೆಂದು ಸಿದ್ದಪ್ಪ ಹೇಳಿದ. ಇದು ಕೇಳಿದ ಮಾತು. ಗುರುಪಾದ ಬೀಳಗಿಯಲ್ಲಿದ್ದ, ಹೊಲವನ್ನು ಅವನು ನೋಡಿಲ್ಲ.

ಹೊಲವನ್ನು ನೋಡಿದವರಲ್ಲಿ ಇರುವವರು ಇವರು. ಮಾಲತಿ ಮೇಡಂ ತುಮಕೂರಿನಲ್ಲಿದ್ದಾರೆ. ಕಂಬಳಿ ಹೊದಿಸುವಾಗ ತಮ್ಮ ಕೈ ನಡುಗಲಿಲ್ಲ ಎಂದು ಈಗಲೂ ಫೋನಿನಲ್ಲಿ ವಾದಿಸುತ್ತಾರೆ. ನಾನು ಕಂಡದ್ದನ್ನು ಬರೆದಿದ್ದೇನೆ. ಸಿದ್ದಪ್ಪ ಇದ್ದಾನೆ, ಅದೇ ಹೊಲ ಮಾಡುತ್ತಾನೆ. ಯಲ್ಲವ್ವ ಇದ್ದಾಳೆ. ನಿವೃತ್ತನಾಗಿ ಊರಿಗೆ ಬಂದ ವರ್ಷ ಆ ಬಳೆಯ ಚಿತ್ರವನ್ನು ಅವಳಿಗೆ ತೋರಿಸಲು ಹೋಗಿದ್ದೆ. ಕಾಗದವನ್ನು ಕಣ್ಣಿನ ಹತ್ತಿರ, ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಅಷ್ಟ ಎತ್ತರದಾಗ ಹೋಗಿ ಇದನ್ನ ನೋಡೇತಿ. ನಮ್ಮ ಹೊಲದ ಮ್ಯಾಲೆ ಹಾದು ಹೊಕ್ಕೈತೇನು?"

"ದಿನಾ ಹೊಕ್ಕೈತಿ ಯವ್ವಾ."

"ಹಂಗಾದ್ರ ನಾವು ಕಾಣತೇವೇನು ಅದಕ್ಕ?"

ಇಲ್ಲ ಎಂದೆ. ಏಕೆ ಇಲ್ಲ ಎಂದು ಕೇಳಿದಳು. ನಾವು ಕಾಣದಂತೆಯೇ ಅದನ್ನು ಕಟ್ಟಿದ್ದು, ಆ ಕೆಲಸ ಮಾಡಿದವನು ನಾನೇ ಎಂದು ಹೇಳಬೇಕಾಯಿತು.

ಅವಳು ಚಿತ್ರವನ್ನು ಮಗನ ಕೈಗೆ ಕೊಟ್ಟಳು. "ಇರ್ಲಿ ಬಿಡಪಾ" ಎಂದಳು. "ನಾವು ನೋಡೇವಲ್ಲ ಅದನ್ನ."